ಕ್ಲಚ್ಚಿನ ಕಾಲ್ಗುಣ

ಟೆಕ್ಟಿರ್ ಊರಲ್ಲಿ ಕುಲಿಪಾಳ ಮನೆಗೆ ಕರೆಗಂಟೆ ಇಲ್ಲ. ಗೇಟಿಗೆ ಸುಟ್ಟು ಕರಕಲಾದ ಕ್ಲಚ್ ಪ್ಲೇಟೊಂದು ತೂಗುಬಿದ್ದಿದೆ, ಪಕ್ಕದಲ್ಲಿ ದಾರ ಕಟ್ಟಿದ ಒಂದು ಸ್ಪ್ಯಾನರು. ಬಂದವರು ಬಾರಿಸಬೇಕು. ಒಂದೇ ಏಟು ಬಿದ್ದರೆ ಗಿರಾಕಿ, ಎರಡು ಬಿದ್ದರೆ ನೆಂಟರು, ನಿಲ್ಲಿಸದೆ ಬಾರಿಸುತ್ತಲೇ ಇದ್ದರೆ ಸರ್ಕಾರದವರು. ಈ ಕೊನೆಯವರಿಗೆ ಬಾಗಿಲು ತೆಗೆಯುವ ಹೊತ್ತಿಗೆ ಕುಲಿಪಾ ಒಂದು ಸುತ್ತು ಚಹಾ ಕುಡಿದು ಮುಗಿಸಿರುತ್ತಾಳೆ.

ಆ ಪ್ಲೇಟು ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಅಣ್ಣನ ಮಗಳು ಬೆಗಿಮಾಯಿಯ ಮದುವೆಯ ದಿನ ಅವಳು ಘಾಟಿಯ ಮೂರನೇ ತಿರುವಿನಲ್ಲಿ ಬೀಗರ ಕೊರಳಪಟ್ಟಿ ಹಿಡಿದದ್ದು ಯಾಕೆ ಅನ್ನುವುದು ತಿಳಿಯುವುದಿಲ್ಲ.

ಕುಲಿಪಾ ಹತ್ತೊಂಬತ್ತಕ್ಕೆ ಮದುವೆಯಾದಳು. ಗಂಡಿನ ಊರು ಕಿಜಿಲ್ ಘಾಟಿಯ ಆಚೆ. ಸಾಮೂಹಿಕ ಫಾರ್ಮಿನ ಲಾರಿಯಲ್ಲಿ ಹೆಣ್ಣನ್ನು ಕೂರಿಸಿಕೊಂಡು ಹೊರಟರು. ಮೂರನೇ ತಿರುವಿನಲ್ಲಿ ಲಾರಿ ನೀಲಿ ಹೊಗೆ ಬಿಟ್ಟು ನಿಂತಿತು. ಹೊಸಿಲು ದಾಟಿದ ಹೆಣ್ಣು ಅದೇ ದಿನ ತವರಿಗೆ ತಿರುಗಿ ಹೋಗುವ ಹಾಗಿಲ್ಲ. ಸಂಜೆಯವರೆಗೂ ರಸ್ತೆ ಬದಿ ಕಲ್ಲಿನ ಮೇಲೆ ಕೂತಿದ್ದು, ಕೊನೆಗೆ ಹುಲ್ಲಿನ ಗಾಡಿಯ ಮೇಲೆ ಮದುಮಗಳು ಅತ್ತೆ ಮನೆ ತಲುಪಿದಳು, ಸೀನುತ್ತ. ಅತ್ತೆ ಬಾಗಿಲಲ್ಲೇ ಹೆಸರಿಟ್ಟಳು: ಗಾಡಿ ನಿಲ್ಲಿಸಿದವಳು.

ಆಮೇಲೆ ಆ ಮನೆಯಲ್ಲಿ ಹಾಲು ಒಡೆದರೆ ಗಾಡಿ ನಿಲ್ಲಿಸಿದವಳ ಕಾಲ್ಗುಣ. ಹಸು ಒದ್ದರೆ ಗಾಡಿ ನಿಲ್ಲಿಸಿದವಳ ಕಾಲ್ಗುಣ. ರೇಡಿಯೋದಲ್ಲಿ ಹವಾಮಾನ ತಪ್ಪು ಹೇಳಿದರೂ ಅತ್ತೆ ಸೊಸೆಯ ಪಾದ ನೋಡುತ್ತಿದ್ದಳು. ಕುಲಿಪಾ ಅಳುವ ಜಾತಿಯಲ್ಲ. ಅವಳಿಗೆ ಒಂದೇ ತಲೆಬಿಸಿ: ಗಾಡಿ ನಿಲ್ಲುವುದಾದರೂ ಯಾಕೆ? ಫಾರ್ಮಿನಲ್ಲಿ ಟ್ರ್ಯಾಕ್ಟರ್ ಕಲಿಸುತ್ತಾರೆ ಅಂದಾಗ ಹೋಗಿ ಸೇರಿದಳು. ಅಲ್ಲಿನ ಶೆಡ್ಡಿನಲ್ಲಿ ಅದೇ ಲಾರಿ ನಿಂತಿತ್ತು. ಮೇಸ್ತ್ರಿಯನ್ನು ಕಾಡಿಬೇಡಿ ಅದರ ಗೇರ್‌ಬಾಕ್ಸು ಇಳಿಸಿ ನೋಡಿದಳು. ಪ್ಲೇಟು ಬೆಂದು ಹೋಗಿತ್ತು.

"ಡ್ರೈವರ್ ದಾರಿಯುದ್ದಕ್ಕೂ ಪೆಡಲ್ ಮೇಲೇ ಕಾಲಿಟ್ಟುಕೊಂಡು ಓಡಿಸಿದಾನೆ," ಅಂದ ಮೇಸ್ತ್ರಿ. "ಅರ್ಧ ಒತ್ತಿ ಅರ್ಧ ಬಿಟ್ಟರೆ ಪ್ಲೇಟು ಉಜ್ಜಿ ಉಜ್ಜಿ ಸಾಯ್ತದೆ. ಇದು ಸೋಂಬೇರಿ ಕಾಲಿನ ಕೆಲಸ."

ಲಾರಿ ಓಡಿಸಿದ್ದವನು ಅತ್ತೆಯ ಸ್ವಂತ ತಮ್ಮ.

ಕುಲಿಪಾ ಆ ಪ್ಲೇಟನ್ನು ಕಂಕುಳಲ್ಲಿಟ್ಟುಕೊಂಡು ಸೀದಾ ಮನೆಗೆ ಹೋಗಿ, ಊಟದ ಹಾಸಿನ ಮೇಲೆ ರೊಟ್ಟಿಯ ಪಕ್ಕಕ್ಕೆ ಇಟ್ಟಳು. "ಅತ್ತೇ, ನೋಡಿ. ಇದು ನನ್ನ ಕಾಲ್ಗುಣ ಅಲ್ಲ, ನಿಮ್ಮ ತಮ್ಮಂದು." ರೊಟ್ಟಿಯ ಪಕ್ಕ ಗ್ರೀಸು ಮೆತ್ತಿದ ಕಬ್ಬಿಣ ಇಟ್ಟವಳು ಅಂತ ಅತ್ತೆ ಊರು ಕೇಳುವ ಹಾಗೆ ಕಿರುಚಿದಳು. ಗಂಡ ಗ್ಲಾಸಿನ ಒಳಗೆ ನೋಡುತ್ತ ಕೂತ. ಅಷ್ಟು ಸಾಕಾಯಿತು. ಕುಲಿಪಾ ಪ್ಲೇಟನ್ನು ಮತ್ತೆ ಕಂಕುಳಿಗೆ ಸೇರಿಸಿ ಘಾಟಿ ಇಳಿದು ತವರಿಗೆ ಬಂದಳು. ತಾಯಿ ಬೂಬೂ ಬಾಗಿಲು ತೆಗೆದು ಮಗಳನ್ನು ನೋಡಿದಳು, ಪ್ಲೇಟನ್ನು ನೋಡಿದಳು.

"ಇಷ್ಟೇನಾ ತಂದಿದ್ದು?"

"ಇಷ್ಟೇ."

"ತೂಕವಾಗಿದೆ. ಗೇಟಿಗೆ ನೇತುಹಾಕು."

ಅಲ್ಲಿಂದ ಮುಂದಿನದು ಸುಲಭದ ಬದುಕಲ್ಲ, ಆದರೆ ಗೊಣಗುವಂಥದ್ದೂ ಅಲ್ಲ. ಫಾರ್ಮು ಮುರಿದು ಬಿದ್ದಾಗ ದೊಡ್ಡವರು ಕುರಿ ಹಂಚಿಕೊಂಡರು, ಸಣ್ಣವರಿಗೆ ಚೂರುಪಾರು ಸಿಕ್ಕಿತು. ಕುಲಿಪಾಳ ಪಾಲಿಗೆ ಬಂದದ್ದು ಒಂದು ಟ್ರ್ಯಾಕ್ಟರಿನ ಮುಂದಿನ ಅರ್ಧ. ಹಿಂದಿನ ಅರ್ಧ ಪಕ್ಕದ ಮನೆಯವನಿಗೆ. ಎರಡು ವರ್ಷ ಎರಡೂ ಅರ್ಧಗಳು ಬೇಲಿಯ ಆಚೆ ಈಚೆ ಒಂದನ್ನೊಂದು ನೋಡುತ್ತ ನಿಂತಿದ್ದವು, ಆಮೇಲೆ ಒಂದು ಮೇಕೆ ಕೊಟ್ಟು ಕುಲಿಪಾ ಅವನ್ನು ಕೂಡಿಸಿದಳು. ಮೇಲಿನವರು ಕಾಲುವೆಯ ನೀರು ತಿರುಗಿಸಿಕೊಂಡಾಗ ಅದೇ ಟ್ರ್ಯಾಕ್ಟರನ್ನು ಹೆದ್ದಾರಿಗೆ ಅಡ್ಡ ನಿಲ್ಲಿಸಿ, ಕ್ಲಚ್ಚಿನ ಕೇಬಲ್ ಕಿತ್ತು ಲಂಗದೊಳಗೆ ಸಿಕ್ಕಿಸಿಕೊಂಡು ಅದರ ಮೇಲೆ ಕೂತಳು. ಊರಿನ ಹೆಂಗಸರೆಲ್ಲ ಸುತ್ತ ಕೂತರು. ಪೊಲೀಸರು ಎಳೆದರು, ತಳ್ಳಿದರು, ಬೈದರು. ಅವಳನ್ನು ಎತ್ತಿ ಜೀಪಿಗೆ ಹಾಕುವುದು ಅವರಿಗೆ ಸಾಧ್ಯವಾಯಿತು, ಟ್ರ್ಯಾಕ್ಟರನ್ನು ಅಲುಗಿಸುವುದು ಆಗಲಿಲ್ಲ. ಮೂರನೇ ದಿನ ಕಾಲುವೆಗೆ ನೀರು ಬಂತು. ಈಗಲೂ ಸುತ್ತಲಿನ ಹಳ್ಳಿಗಳಲ್ಲಿ ಕ್ಲಚ್ ಕೆಟ್ಟರೆ ಕುಲಿಪಾ ಅಕ್ಕನ ಗೇಟಿಗೇ ಬರುತ್ತಾರೆ. ಆ ಪೊಲೀಸರೂ ಬರುತ್ತಾರೆ.

ಇನ್ನು ಬೆಗಿಮಾಯಿಯ ಮದುವೆ. ಗಂಡು ಎಲ್ದಿಯಾರ್, ಘಾಟಿಯ ಆಚೆಯ ಅಕ್-ಜಾರ್ ಊರಿನವನು, ಕುರಿಮರಿಯಂಥ ಹುಡುಗ. ಅವನ ದೊಡ್ಡಪ್ಪ ಕಾಸಿಮಾಲಿ ಮಾತ್ರ ಟಗರು. ಗುಂಡಗಿನ ಹೊಟ್ಟೆ, ಗಿಡ್ಡ ಕಾಲು, ಎತ್ತರದ ಬಿಳಿ ಟೋಪಿ, ಒಂದು ಹಳೆಯ ಬೂದು ಬಣ್ಣದ ಜರ್ಮನ್ ಕಾರು. ಆ ಕಾರಿನ ಬಗ್ಗೆ ಅವನು ಬಾಯಿ ತೆಗೆದರೆ ಮುಚ್ಚುತ್ತಿರಲಿಲ್ಲ.

"ಇದು ಕಾರಲ್ಲ ಬೀಗಿತೀ, ನನ್ನ ಮೂರನೇ ಮಗ! ಇಬ್ಬರು ಮಕ್ಕಳು ಮಾತು ಕೇಳಲ್ಲ, ಇವನು ಕೇಳ್ತಾನೆ. ಹುಟ್ಟಿದಾಗಿಂದ ಒಂದು ದಿನ ದಾರೀಲಿ ನಿಂತವನಲ್ಲ."

ಬೀಗರು ಬಂದರೆ ಕೀಟಲೆ ಮಾಡದೆ ಕಳಿಸುವುದು ಈ ಸೀಮೆಯಲ್ಲಿ ಅವಮಾನ. ಕೀಟಲೆಯ ದಂಡಿಗೆ ಯಾವಾಗಲೂ ಕುಲಿಪಾಳೇ ಮುಂದು. ಬೆಳಿಗ್ಗೆ ಕಾಸಿಮಾಲಿ ಕೆಂಪು ಮೆತ್ತೆಯ ಮೇಲೆ ಕೂತು ಕಾರಿನ ಪುರಾಣ ಹೇಳುತ್ತಿದ್ದಾಗ, ಅವಳು ಹಿಂದಿನಿಂದ ತೆವಳಿಕೊಂಡು ಹೋಗಿ ದಬ್ಬಳದಲ್ಲಿ ಅವನ ಕೋಟಿನ ಅಂಚನ್ನು ಮೆತ್ತೆಗೆ ಹೊಲಿದುಬಿಟ್ಟಳು, ಚೀಲ ಹೊಲಿಯುವ ದಪ್ಪ ದಾರದಲ್ಲಿ. ಅವನು ಕೈ ಮುಗಿಯಲು ಎದ್ದಾಗ ಮೆತ್ತೆಯೂ ಜೊತೆಗೆ ಎದ್ದಿತು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ದಾರ ಬಿಚ್ಚಲು ಬಂದವರನ್ನು ಕಾಸಿಮಾಲಿ ತಡೆದ. "ಮುಟ್ಟಬೇಡಿ! ಹೀಗೇ ಊರಿಗೆ ಹೋಗಿ ತೋರಿಸ್ತೀನಿ, ಎಂಥವರ ಕೈಗೆ ಸಿಕ್ಕಿದ್ದೆ ಅಂತ." ಮುಖಕ್ಕೆ ಹಿಟ್ಟು ಬಳಿದರು, ಅದನ್ನೂ ಒರೆಸಿಕೊಳ್ಳಲಿಲ್ಲ. ಬಿಳಿ ಮುಖ, ಹಿಂದೆ ಕೆಂಪು ಮೆತ್ತೆ. ಕುಲಿಪಾಳಿಗೆ ಅವನು ಅಲ್ಲೇ ಇಷ್ಟವಾದದ್ದು.

ನಂಟು ಗಟ್ಟಿಯಾಗಲೆಂದು ಬೀಗರ ಬಾಯಿಗೆ ಕುರಿಯ ಬಾಲದ ಕೊಬ್ಬು, ಈಲಿ ಅನ್ನುವ ಲಿವರಿನ ತುಂಡು ತುರುಕುವ ಶಾಸ್ತ್ರವೂ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ಕಾಸಿಮಾಲಿಯ ಕಾರು: ಅವನು ಮೆತ್ತೆಯ ಮೇಲೆ, ಪಕ್ಕದಲ್ಲಿ ಎಲ್ದಿಯಾರ್, ಹಿಂದಿನ ಸೀಟಿನಲ್ಲಿ ಬೆಗಿಮಾಯಿ ಮತ್ತು ಕುಲಿಪಾ. ಹಿಂದೆ ಹೆಣ್ಣಿನ ಕಡೆಯ ವ್ಯಾನು: ಪೆಟ್ಟಿಗೆ, ರಜಾಯಿಗಳ ಗುಡ್ಡೆ, ಚಹಾದ ನೀರು ಕಾಯಿಸುವ ಹೊಸ ಸಮೋವರ್, ಹಾಡುವ ಹೆಂಗಸರು, ಮತ್ತು ಘಾಟಿಯ ನೆತ್ತಿಯವರೆಗೆ ಮೊಮ್ಮಗಳನ್ನು ಬಿಟ್ಟು ಬರುತ್ತೇನೆಂದು ಹಟ ಹಿಡಿದ ಬೂಬೂ ಅಜ್ಜಿ.

ಕುಲಿಪಾ ಹೋಗುವುದು ಬೇಡ ಅಂತ ಕೆಲವರು ಪಿಸುಗುಟ್ಟಿದ್ದರು. ಗಂಡನ ಮನೆ ಬಿಟ್ಟು ಬಂದವಳು ಮದುಮಗಳ ಪಕ್ಕ ಕೂರುವುದೇ? ಬೆಗಿಮಾಯಿ ಎಲ್ಲರೆದುರೇ ಹೇಳಿದಳು: "ಅತ್ತೆ ಬರದಿದ್ರೆ ನಾನೂ ಹೋಗಲ್ಲ. ಇನ್ನೊಂದು ಹೆಣ್ಣು ಹುಡುಕಿಕೊಳ್ಳಿ." ಕುಲಿಪಾ ಮನಸ್ಸಿನಲ್ಲೇ ಒಂದು ಮಾತು ಕಟ್ಟಿಕೊಂಡಳು. ಈ ಹುಡುಗಿ ಹೊತ್ತಿರುವಾಗಲೇ, ನಗುನಗುತ್ತ, ಒಂದು ಅಪಶಕುನದ ಮಾತೂ ಬೀಳದ ಹಾಗೆ ಆ ಹೊಸಿಲು ದಾಟಬೇಕು.

ಊರು ದಾಟಿ ಏರು ಶುರುವಾಯಿತು. ಬೆಗಿಮಾಯಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ಕುಲಿಪಾಳ ಇನ್ನೊಂದು ಕಿವಿ ಬೇರೆ ಕಡೆ ಇತ್ತು. ಎಂಜಿನ್ ಓಡುತ್ತಿದೆ, ಕಾರು ನಡೆಯುತ್ತಿದೆ. ಅವಳು ಮೆಲ್ಲಗೆ ಬೂಟು ಕಳಚಿ ಬರಿಗಾಲನ್ನು ಕಾರಿನ ನೆಲಕ್ಕೆ ಊರಿದಳು. ಅವಳು ರೋಗ ಹುಡುಕುವುದು ಮೊದಲು ಅಂಗಾಲಿನಿಂದ, ಆಮೇಲೆ ಮೂಗಿನಿಂದ, ಸ್ಪ್ಯಾನರು ಎಲ್ಲಕ್ಕಿಂತ ಕೊನೆಗೆ. ಎರಡನೇ ತಿರುವಿನಲ್ಲಿ ಕಾಸಿಮಾಲಿ ಆಕ್ಸಿಲರೇಟರು ತುಳಿದಷ್ಟೂ ಎಂಜಿನ್ ಚೀರಿತು, ಚಕ್ರ ಮಾತ್ರ ಎಮ್ಮೆಯ ಹಾಗೆ ತನ್ನ ಪಾಡಿಗೆ ತಾನು. ಮೂರನೇ ತಿರುವಿನಲ್ಲಿ ಕಾರು ಸುಯ್ಯೆಂದು ಉಸಿರು ಬಿಟ್ಟು ನಿಂತಿತು.

ಅದೇ ತಿರುವು. ಅದೇ ಕಲ್ಲು.

ಕಾಸಿಮಾಲಿ ಮಾತ್ರ ಸ್ಟೀರಿಂಗು ಗುದ್ದಿ ಗುದ್ದಿ ನಗುತ್ತಿದ್ದ. "ಆಹಾಹಾ! ಬೀಗಿತೀ! ಮೆತ್ತೆ ಸಾಲದು ಅಂತ ನನ್ನ ಮಗನಿಗೂ ಕೈ ಹಾಕಿದ್ರಾ?"

"ಇಲ್ಲ ಬೀಗರೇ. ನಿಜವಾಗ್ಲೂ ಕ್ಲಚ್ ಜಾರ್ತಿದೆ."

"ಹೌದ್ಹೌದು! ನೀವು ಹೇಳಿದ್ದನ್ನ ನಂಬಿ ತಾನೆ ನಾನು ಆ ಮೆತ್ತೆ ಮೇಲೆ ಕೂತಿದ್ದು!"

ನಂಬಿಸುವುದು ಹೇಗೆ? ಬೆಳಗಿನಿಂದ ಅವಳ ಬಾಯಲ್ಲಿ ಒಂದು ನಿಜ ಬಂದಿರಲಿಲ್ಲ. ಅಷ್ಟರಲ್ಲಿ ವ್ಯಾನಿನ ಹೆಂಗಸರು ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಕೀಟಲೆಗೆ ಸಿಕ್ಕಿಬಿದ್ದ ಬೀಗ ಉಡುಗೊರೆ ಕೊಟ್ಟು ಬಿಡಿಸಿಕೊಳ್ಳಬೇಕು. ಕಾಸಿಮಾಲಿ ಡಿಕ್ಕಿಯಿಂದ ರೇಷ್ಮೆ ಶಾಲುಗಳ ಗಂಟು ತೆಗೆದು ಬಿಚ್ಚಿದ. "ಯಾರಮ್ಮ ಮಾಡಿದ್ದು? ಬನ್ನಿ, ತಗೊಳ್ಳಿ, ಕಾರು ಬಿಡಿ!"

"ನಾನು! ನಾನೇ ಮಾಡಿದ್ದು!"

"ಅವಳಿಗೇನು ಗೊತ್ತು, ನಾನು ಮಾಡಿದ್ದು! ಆ ಹಸಿರು ಶಾಲು ನಂಗೆ!"

"ನಾವಿಬ್ರೂ ಸೇರಿ ಮಾಡಿದ್ದು, ಎರಡು ಕೊಡಿ!"

ಕ್ಷಣದಲ್ಲಿ ಶಾಲುಗಳು ಖಾಲಿ. ಕಾಸಿಮಾಲಿ ಖುಷಿಯಿಂದ ಕೂತು ಕಾರು ಚಾಲೂ ಮಾಡಿ ಗೇರು ಹಾಕಿದ. ಎಂಜಿನ್ ಆಕಾಶಕ್ಕೆ ಕೇಳುವ ಹಾಗೆ ಕೂಗಿತು, ಕಾರು ಮುಂದಕ್ಕೆ ಹೋಗುವ ಬದಲು ಕಲ್ಲಿನ ಮೇಲೆ ಇನ್ನೂ ಭದ್ರವಾಗಿ ಕುಂಡಿ ಊರಿತು.

"ಈಗ ಬಿಚ್ಚಿ ಮಾರಾಯ್ತೀರಾ, ಏನು ಮಾಡಿದ್ರೋ ಅದನ್ನ!"

ಹಸಿರು ಶಾಲಿನವಳು ಮಣ್ಣು ನೋಡಿದಳು. "ನಾನು ಸುಮ್ನೆ ಹೇಳಿದ್ದು. ಶಾಲು ಚೆನ್ನಾಗಿತ್ತು."

"ನೀನು?"

"ನಾನೂ ಶಾಲಿಗೇ."

ನಗು ಸ್ವಲ್ಪ ಇಳಿಯಿತು. "ಬೆಗಿಮಾಯಿನ ವ್ಯಾನಿಗೆ ಹತ್ತಿಸಿ ಕಳಿಸೋಣ" ಅಂದರು ಯಾರೋ. ಕಾಸಿಮಾಲಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕೀಟಲೆ ಅಲ್ಲ ಅಂದ್ರೆ... ಇಷ್ಟು ವರ್ಷ ಒಂದು ದಿನ ನಿಲ್ಲದ ಕಾರು. ಇವತ್ತೇ ಯಾಕೆ ನಿಲ್ತು?" ಅವನು ಕೆಟ್ಟವನಲ್ಲ. ಆದರೆ ಅವನ ಕಣ್ಣು ತನ್ನಷ್ಟಕ್ಕೆ ತಾನೇ ಜಾರಿ ಬೆಗಿಮಾಯಿಯ ಬಿಳಿ ಬೂಟುಗಳ ಮೇಲೆ ಕೂತಿತು.

ಆಗ ಕುಲಿಪಾ ಅವನ ಕೊರಳಪಟ್ಟಿ ಹಿಡಿದದ್ದು. ವ್ಯಾನಿನಲ್ಲಿ ಕಳಿಸಿದರೆ ಹೆಣ್ಣೇನೋ ತಲುಪುತ್ತದೆ. ಕಾರು ಇಲ್ಲೇ ಉಳಿಯುತ್ತದೆ. ಕಾರಿನ ಜೊತೆ ಕತೆಯೂ ಉಳಿಯುತ್ತದೆ, ಸಾಯುವವರೆಗೆ.

"ಅವಳ ಕಾಲು ನೋಡಬೇಡ ಬೀಗಾ. ನಿನ್ನ ಕಾಲು ತೋರಿಸು. ಕೂತ್ಕೋ ಒಳಗೆ!"

ಬಹುವಚನ ಹೋಯಿತೆಂದು ಎಲ್ಲರಿಗೂ ಕೇಳಿತು. ಕಾಸಿಮಾಲಿ ತೆಪ್ಪಗೆ ಕೂತ. ಕುಲಿಪಾಳಿಗೆ ಮೊದಲು ಹೆದರಿಕೆಯಾದದ್ದು ತಾನೇ ಹೊಲಿದ ಮೆತ್ತೆಯ ಬಗ್ಗೆ. ಮೆತ್ತೆ ಅವನನ್ನು ಎತ್ತಿ ಕೂರಿಸಿ, ಎಡಗಾಲು ಪೆಡಲಿನ ಮೇಲೇ ಉಳಿದು ಪ್ಲೇಟು ಸುಟ್ಟಿದ್ದರೆ? ಬಗ್ಗಿ ನೋಡಿದಳು. ಅವನ ಗಿಡ್ಡ ಕಾಲು ಗಾಳಿಯಲ್ಲಿ ಜೋತಾಡುತ್ತಿತ್ತು. ಪೆಡಲು ಒತ್ತಬೇಕಾದರೆ ಅವನು ಸೊಂಟದಿಂದಲೇ ಜಾರಿ ಕೆಳಗಿಳಿಯಬೇಕು. ಆ ಕಾಲು ಪೆಡಲಿನ ಮೇಲೆ ಸೋಂಬೇರಿಯಾಗಿ ಕೂತಿರಲು ಸಾಧ್ಯವೇ ಇರಲಿಲ್ಲ. ಕೈಯಿಂದ ಪೆಡಲು ಅಲ್ಲಾಡಿಸಿದಳು. ಮೇಲ್ಗಡೆ ಎರಡು ಬೆರಳಿನಷ್ಟು ಸಡಿಲ ಇದೆ, ಇರಬೇಕಾದ್ದೇ. ಕೇಬಲ್ ಬಿಗಿಯಾಗಿ ಹಿಡಿದಿಲ್ಲ.

"ಕೈಬ್ರೇಕ್ ಎಳಿ. ಮೂರನೇ ಗೇರ್ ಹಾಕು. ಈಗ ನಿಧಾನ ಕ್ಲಚ್ ಬಿಡು. ಎಂಜಿನ್ ಸತ್ತರೆ ಕ್ಲಚ್ ಬದುಕಿದೆ. ಎಂಜಿನ್ ಬದುಕಿದರೆ ಕ್ಲಚ್ ಸತ್ತಿದೆ."

ಕಾಸಿಮಾಲಿ ಬಿಟ್ಟ. ಪೂರ್ತಿ ಬಿಟ್ಟ. ಎಂಜಿನ್ ಹಾಯಾಗಿ ಹಾಡುತ್ತಲೇ ಇತ್ತು. ಅವನ ಹಿಟ್ಟು ಬಳಿದ ಮುಖ ಇನ್ನೂ ಬಿಳಿಯಾಯಿತು. "ಹೋಯ್ತಾ ನನ್ನ ಮಗ?"

ಆಗ ವಾಸನೆ ಬಂತು. ಸುಟ್ಟ ಕ್ಲಚ್ಚಿನ ವಾಸನೆ ಕುಲಿಪಾಳಿಗೆ ಅವಳ ಸ್ವಂತ ಬೆವರಿನಷ್ಟು ಪರಿಚಯ: ಕಮಟು, ಕಹಿ, ಮೂಗಿನ ಬುಡಕ್ಕೆ ಹಿಡಿಯುವಂಥದ್ದು. ಇದು ಅದೇ, ಆದರೆ ಅದರ ಹಿಂದೆ ಇನ್ನೇನೋ ಘಮಘಮ. ಎಲ್ದಿಯಾರ್ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟ. "ನಂಗೆ ಹಸಿವಾಗ್ತಿದೆ."

"ನಂಗೂ!" ಅಂದಳು ಬೆಗಿಮಾಯಿ.

ಕುಲಿಪಾ ಬಾನೆಟ್ ಎತ್ತಿ ಮೂಗು ತೂರಿಸಿದಳು. ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಹೆಬ್ಬೆರಳು ಹೋಗುವಷ್ಟು ಒಂದು ಕಿಂಡಿ ಇರುತ್ತದೆ, ಒಳಗೆ ಕ್ಲಚ್ಚು. ಕಿಂಡಿಗೊಂದು ರಬ್ಬರಿನ ಬಿರಡೆ ಇರಬೇಕು, ಇರಲಿಲ್ಲ. ಬೆರಳು ಹಾಕಿ ತೆಗೆದು ಮೂಸಿದಳು. ನೆಕ್ಕಿದಳು. ಉಪ್ಪೂ ಇತ್ತು.

"ಯಾರು ಕಾರಿಗೆ ಬಾಲದ ಕೊಬ್ಬು ತಿನ್ನಿಸಿದ್ದು?"

ಶಾಲಿನವರೆಲ್ಲ ಶಾಲು ಬಚ್ಚಿಟ್ಟುಕೊಂಡರು. ವ್ಯಾನಿನ ಬಾಗಿಲಲ್ಲಿ ರಜಾಯಿಗಳ ಮೇಲೆ ರಾಣಿಯ ಹಾಗೆ ಕೂತಿದ್ದ ಬೂಬೂ ಅಜ್ಜಿ ಬೊಚ್ಚುಬಾಯಿ ತೆರೆದಳು.

"ನಾನು. ಯಾಕೆ?"

"ಅಮ್ಮಾ!"

"ಏನಮ್ಮ? ನನ್ನ ಮೂರನೇ ಮಗ, ಮೂರನೇ ಮಗ ಅಂತ ಬೆಳಗಿಂದ ಅವನೇ ಬಡ್ಕೊಂಡ. ಎಲ್ಲ ಬೀಗರಿಗೂ ಕೊಟ್ಟು ಒಬ್ಬನ್ನ ಅಂಗಳದಲ್ಲಿ ಹಸ್ಕೊಂಡು ನಿಲ್ಲಿಸೋದಾ? ನಮ್ಮ ಮನೇಲಿ ಆ ರೂಢಿ ಇಲ್ಲ. ಮುಚ್ಚಳ ಎತ್ತಿದೆ, ಬಾಯಿ ಹುಡುಕಿದೆ. ತೆರಕೊಂಡಿದ್ದು ಅದೊಂದೇ ಬಾಯಿ. ಬಿಸಿಬಿಸಿ ಕೊಟ್ಟೆ. ಚೆನ್ನಾಗಿ ತಿಂದ."

"ಎಷ್ಟು ಕೊಟ್ಟೆ?"

"ಒಂದು ಬಟ್ಟಲು. ಈಲಿ ತುಂಡು ಒಳಗೆ ಹೋಗ್ಲಿಲ್ಲ. ಅದನ್ನ ನಾನೇ ತಿಂದೆ."

ಮೊದಲು ಬೆಗಿಮಾಯಿಯ ನಗು ಒಡೆಯಿತು. ಆಮೇಲೆ ಹಸಿರು ಶಾಲಿನವಳು ರಸ್ತೆಯ ಮೇಲೇ ಕುಸಿದು ಕೂತಳು. ಆಮೇಲೆ ಕಾಸಿಮಾಲಿ. ಅವನ ನಗು ಹೊಟ್ಟೆಯಿಂದ ಶುರುವಾಗಿ ಮೆತ್ತೆಯವರೆಗೆ ಅಲುಗಾಡಿಸಿತು, ಕಣ್ಣೀರು ಹಿಟ್ಟಿನ ಮೇಲೆ ಎರಡು ಕಾಲುವೆ ತೋಡಿತು. "ಸತ್ತಿಲ್ಲ! ಸತ್ತಿಲ್ಲ ನನ್ನ ಮಗ! ಅಜೀರ್ಣ ಅಷ್ಟೆ!"

ಕುಲಿಪಾ ನಗಲಿಲ್ಲ. ಅವಳ ತಲೆ ಓಡುತ್ತಿತ್ತು. ಪ್ಲೇಟು ಸವೆದಿಲ್ಲ, ಜಿಡ್ಡಾಗಿದೆ. ಅದಕ್ಕೇ ಎಂಜಿನ್ನಿನ ಚಕ್ರವನ್ನು ಕಚ್ಚಿ ಹಿಡಿಯಲಾರದೆ ಜಾರುತ್ತಿದೆ. ಗೇರ್‌ಬಾಕ್ಸು ಇಳಿಸಿ ಒರೆಸಲು ಇಲ್ಲಿ ಜಾಕಿಲ್ಲ, ಹೊತ್ತಿಲ್ಲ. ಪೆಟ್ರೋಲು ಸುರಿದು ತೊಳೆಯಬಹುದು, ಆದರೆ ಕಾದ ಎಂಜಿನ್ನಿಗೆ ಪೆಟ್ರೋಲು ಸುರಿದರೆ ಮದುವೆಯ ಜೊತೆ ಬೇರೆ ಕಾರ್ಯವೂ ನಡೆದುಹೋಗುತ್ತದೆ. ಕೊಬ್ಬು ಮೆತ್ತಿದ ಕಡಾಯಿಯನ್ನು ಹೆಂಗಸರು ಏನು ಹಾಕಿ ತೊಳೆಯುತ್ತಾರೆ?

"ಅಮ್ಮಾ, ಬೆಗಿಮಾಯಿ ಪೆಟ್ಟಿಗೇಲಿ ನಿನ್ನ ಕರಿ ಸೋಪು ಇಟ್ಟಿದೀಯಲ್ಲ?"

ಬೂಬೂ ಅಜ್ಜಿ ಗಿಡದ ಬೂದಿ, ಕುರಿ ಕೊಬ್ಬು ಕುದಿಸಿ ಮಾಡುವ ಕರಿ ಸೋಪು ಆ ಕಣಿವೆಯಲ್ಲೆಲ್ಲ ಹೆಸರುವಾಸಿ. "ಅದು ಮೊಮ್ಮಗಳ ತಲೆಕೂದಲಿಗೆ ಕೊಟ್ಟಿದ್ದು!"

"ನಿನ್ನ ಕೊಬ್ಬನ್ನ ನಿನ್ನ ಸೋಪೇ ತೆಗೀಬೇಕು. ಕೊಡು."

ಆಮೇಲೆ ಶುರುವಾಯಿತು ನೋಡಿ ಜಾತ್ರೆ. ಪೆಟ್ಟಿಗೆ ಇಳಿಯಿತು. ಅತ್ತೆ ಮನೆಯಲ್ಲಿ ಮೊದಲ ಚಹಾ ಕಾಯಿಸಬೇಕಿದ್ದ ಹೊಸ ಸಮೋವರು ರಸ್ತೆ ಬದಿಯಲ್ಲಿ ಕೂತು ಹೊಗೆಯಾಡತೊಡಗಿತು. ಎಲ್ದಿಯಾರ್ ಮದುಮಗನ ಕೋಟಿನಲ್ಲೇ ಒಣ ಸೆಗಣಿ, ಕಡ್ಡಿ ಆರಿಸಿ ತಂದು ತುಂಬಿದ. ತೊರೆಯಿಂದ ನೀರು ಬಂತು. ದಾರಿಯಲ್ಲಿ ಬಂದ ಒಂದು ಲಾರಿ ನಿಂತಿತು, ಅದರ ಡ್ರೈವರು ಇಳಿದು ಉಪದೇಶ ಶುರು ಮಾಡಿದ. ಅವನ ಬಾಯಿಗೆ ಒಬ್ಬಳು ಕರಿದ ಹಿಟ್ಟಿನ ತುಂಡು ತುರುಕಿ, ಕೈಗೆ ಬಕೆಟ್ಟು ಕೊಟ್ಟಳು. ಉಳಿದವರು ಕುಣಿಯುತ್ತಿದ್ದರು, ಏರು ರಸ್ತೆಯಾದ್ದರಿಂದ ಕುಣಿಯುತ್ತ ಕುಣಿಯುತ್ತ ಕೆಳಗಿಳಿದು ಮತ್ತೆ ಓಡಿ ಹತ್ತಿ ಬರುತ್ತಿದ್ದರು.

ನೀರು ಕಾಯಿತು, ಸೋಪು ಕರಗಿತು. ಈಗ ಒಬ್ಬರು ಒಳಗೆ ಕೂತು ಪೆಡಲು ಒತ್ತಬೇಕು, ಕೀಲಿ ತಿರುಗಿಸಬೇಕು. ಪೆಡಲು ಒತ್ತಿದಾಗ ಪ್ಲೇಟು ಬಿಡಿಸಿಕೊಳ್ಳುತ್ತದೆ, ಸಂದಿಗೆ ನೀರು ಇಳಿಯುತ್ತದೆ. ಹೇಳಿದ ಕ್ಷಣಕ್ಕೆ ಒತ್ತಿ, ಹೇಳಿದ ಕ್ಷಣಕ್ಕೆ ಬಿಡುವ ಕಾಲು ಬೇಕು. ಕಾಸಿಮಾಲಿ ಕೂರಲು ಹೋದ.

"ನಿನ್ನ ಕಾಲು ಎಟುಕಲ್ಲ, ಇಳಿ," ಅಂದಳು ಕುಲಿಪಾ. ಸುತ್ತ ನೋಡಿದಳು. ಆಮೇಲೆ ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಬೆಗಿಮಾಯೀ, ನೀನು ಬಾ. ನಿನ್ನ ಕಾಲು ಬೇಕು."

ಮದುಮಗಳು ಲಂಗ ಮಂಡಿಯ ಮೇಲಕ್ಕೆ ಎತ್ತಿಕೊಂಡು ಸ್ಟೀರಿಂಗಿನ ಹಿಂದೆ ಕೂತಳು. ಚಿಕ್ಕವಳಿದ್ದಾಗಿಂದ ಅತ್ತೆಯ ಟ್ರ್ಯಾಕ್ಟರಿನ ಮೇಲ್ಗಡೆಯೇ ಬೆಳೆದವಳು, ಹೇಳಿಕೊಡಬೇಕಾದ್ದೇನೂ ಇರಲಿಲ್ಲ.

"ಒತ್ತು!"

ಕುಲಿಪಾ ಚಹಾ ಕೆಟಲಿನಿಂದ ಕಿಂಡಿಗೆ ಕುದಿಯುವ ಸೋಪು ನೀರು ಸುರಿದಳು.

"ತಿರುಗಿಸು! ಬಿಡು! ಒತ್ತು! ತಿರುಗಿಸು!"

ಕಾರಿನ ಹೊಟ್ಟೆಯೊಳಗೆ ಗುಳುಗುಳು ಅಂತು. ಅಡಿಯಿಂದ ಮೊದಲು ಬೂದು ಬಣ್ಣದ ಜಿಡ್ಡು ಸುರಿಯಿತು, ಆಮೇಲೆ ನೊರೆ. ಎಂಥ ನೊರೆ! ಬುಸುಬುಸು ಎದ್ದು ಚಕ್ರಗಳನ್ನು ಮುಚ್ಚಿತು, ರಸ್ತೆಗೆ ಇಳಿಯಿತು, ಇಳಿಜಾರಿನಲ್ಲಿ ಹರಿದು ವ್ಯಾನಿನ ಅಡಿಗೆ ಹೊಕ್ಕಿತು. ಗಾಳಿ ಬೀಸಿ ಗುಳ್ಳೆಗಳು ಕಣಿವೆಯ ಮೇಲೆ ತೇಲಿದವು. ಬೂಬೂ ಅಜ್ಜಿ ಒಂದನ್ನು ಬೆರಳಿನಿಂದ ಒಡೆದು ಹೇಳಿದಳು: "ನೋಡಿದ್ರಾ? ಅಂಗಡಿ ಸೋಪಿಗೆ ಇಷ್ಟು ನೊರೆ ಬರತ್ತಾ?"

ಎರಡು ಕೆಟಲು ಸೋಪು, ಮೂರು ಕೆಟಲು ಬರೀ ಬಿಸಿನೀರು. ತಿಳಿನೀರು ಸುರಿಯತೊಡಗಿದ ಮೇಲೆ ಎಂಜಿನ್ ಚಾಲೂ ಮಾಡಿಸಿ, ಗೇರು ಹಾಕಿಸಿ, ಕ್ಲಚ್ಚನ್ನು ಅರ್ಧಕ್ಕೆ ಹಿಡಿಸಿ, ತುಸು ಉಜ್ಜಿಸಿ ಒಣಗಿಸಿದಳು. ಬಿಳಿ ಆವಿ ಬಂತು, ಈ ಸಲ ಊಟದ ವಾಸನೆ ಇರಲಿಲ್ಲ. ಹಿಡಿತಕ್ಕೆಂದು ಸಮೋವರಿನ ಒಲೆಯ ನಯವಾದ ಬೂದಿಯನ್ನು ಒಂದು ಚಿಟಿಕೆ ಕಿಂಡಿಗೆ ಊದಿದಳು.

ಕಿಂಡಿಗೆ ಬಿರಡೆ ಬೇಕಿತ್ತು. ಕಾಸಿಮಾಲಿ ಆತಂಕಕ್ಕೆ ಒಣಮೊಸರಿನ ಉಂಡೆಯೊಂದನ್ನು ಆಗಿನಿಂದ ಚೀಪುತ್ತ ನಿಂತಿದ್ದ, ಕಲ್ಲಿನಂಥ ಉಪ್ಪುಂಡೆ.

"ಬಾಯಿ ತೆಗಿ," ಅಂದಳು ಕುಲಿಪಾ. "ಉಗಿ."

ಉಗಿದ. ಅವನು ಚೀಪಿ ಚೀಪಿ ಸರಿಯಾದ ಅಳತೆಗೆ ತಂದಿದ್ದ. ಕಿಂಡಿಗೆ ಒತ್ತಿದಳು, ಟಪ್ಪೆಂದು ಕೂತಿತು.

"ಈಗ ಮೂರನೇ ಗೇರು. ಕೈಬ್ರೇಕ್ ಇದೆಯಾ? ಬಿಡು."

ಬೆಗಿಮಾಯಿಯ ಬಿಳಿ ಬೂಟು ನಿಧಾನ ಮೇಲೆ ಬಂತು. ಎಂಜಿನ್ ಒಮ್ಮೆ ನಡುಗಿ, ಕೆಮ್ಮಿ, ಸತ್ತಿತು.

"ಸತ್ತೋಯ್ತು!" ಅಂತ ಲಾರಿ ಡ್ರೈವರು ತಲೆ ಮೇಲೆ ಕೈ ಹೊತ್ತ.

"ಸತ್ತಿತು!" ಅಂತ ಕುಲಿಪಾ ಕೂಗಿ, ಅವಳಿಗಿಂತ ಗಿಡ್ಡಗಿದ್ದ ಕಾಸಿಮಾಲಿಯನ್ನು ಸೊಂಟಕ್ಕೆ ಹಿಡಿದು ಮೆತ್ತೆಯ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿದಳು. ಕಾಸಿಮಾಲಿಯೂ "ಸತ್ತಿತು! ಸತ್ತಿತು!" ಅಂತ ಕಿರುಚಿದ. ಲಾರಿ ಡ್ರೈವರಿಗೆ ಏನೊಂದೂ ಅರ್ಥವಾಗದೆ ಅವನೂ ಕುಣಿದ.

ಘಾಟಿಯ ನೆತ್ತಿಯವರೆಗೆ ಕಾರು ಓಡಿಸಿದ್ದು ಬೆಗಿಮಾಯಿಯೇ. ಕಾಸಿಮಾಲಿ ಕೇಳಿದ, ಅವಳು ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಮೆತ್ತೆಯ ಮೇಲೆ ಕೂತು ಅವನು ಪ್ರತಿ ತಿರುವಿನಲ್ಲೂ "ಶಭಾಷ್ ಸೊಸೆ!" ಅನ್ನುತ್ತಿದ್ದ. ಅಡಿಯಿಂದ ಆಗೊಂದು ಈಗೊಂದು ಗುಳ್ಳೆ ಹಾರಿ ಬಂದು ಕಿಟಕಿಗೆ ತಾಗುತ್ತಿತ್ತು. ನೆತ್ತಿಯಲ್ಲಿ ಬೂಬೂ ಅಜ್ಜಿ ಮೊಮ್ಮಗಳ ಹಣೆ ಮೂಸಿ, ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ತಟ್ಟಿ, "ಹುಷಾರು, ಮಗನೇ" ಅಂದು, ಊರ ಕಡೆ ಇಳಿಯುತ್ತಿದ್ದ ಗಾಡಿಯೊಂದನ್ನು ಹತ್ತಿ ತಿರುಗಿ ಹೋದಳು. ಇಳಿಜಾರಿನಲ್ಲಿ ಕಾಸಿಮಾಲಿ ಸ್ಟೀರಿಂಗು ವಾಪಸು ಪಡೆದ.

ಅಕ್-ಜಾರಿನ ಮನೆ ಮುಂದೆ ಜನ ಸೇರಿದ್ದರು. ಬೆಟ್ಟದ ಮೇಲೆ ಬಿಸಿಲು ಒಂದು ಗೇಣಿನಷ್ಟು ಉಳಿದಿತ್ತು. ಎಲ್ದಿಯಾರನ ತಾಯಿ ರಾಕಿಯಾ ಸೊಸೆಯ ತಲೆಗೆ ಹೊದಿಸುವ ಬಿಳಿ ವಸ್ತ್ರ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಎತ್ತರದ, ಬಿಗಿ ತುಟಿಯ ಹೆಂಗಸು.

"ಯಾಕೆ ಇಷ್ಟು ತಡ?"

ರಾಕಿಯಾಳ ಕಣ್ಣು ಸೊಸೆಯ ಮುಖದಿಂದ ಕೆಳಗಿಳಿಯಿತು, ಇಳಿಯಿತು, ಬೂಟುಗಳ ಮೇಲೆ ನಿಂತಿತು. ಅವು ಬಿಳಿಯಾಗಿ ಉಳಿದಿರಲಿಲ್ಲ. ಮಸಿ, ಸೋಪು, ಬೂದಿ.

"ಕಾಲಿಗೇನಾಗಿದೆ?"

ಕುಲಿಪಾ ಕೋಟಿನ ಜೇಬಿನಲ್ಲಿದ್ದ ಸ್ಪ್ಯಾನರನ್ನು ಹಿಡಿದುಕೊಂಡಳು. ಅದರಿಂದ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ. ಈಗ ಯಾವ ಮಾತು ಬೀಳುತ್ತದೋ ಅದು ಈ ಹುಡುಗಿಯ ಹೆಸರಾಗುತ್ತದೆ.

ಕಾಸಿಮಾಲಿ ಕಾರಿನಿಂದ ಇಳಿದ. ಜನಕ್ಕೆ ಮೊದಲು ಹಿಟ್ಟಿನ ಮುಖ ಕಂಡಿತು, ತಿರುಗಿ ಬಾಗಿಲು ಹಾಕಿದಾಗ ಮೆತ್ತೆ ಕಂಡಿತು. ಕೇಕೆ ಎದ್ದಿತು. ಅವನು ಎರಡೂ ಕೈ ಎತ್ತಿ ಸುಮ್ಮನಿರಿಸಿದ.

"ನಾದಿನೀ, ಆ ಕಾಲಿಗೆ ಏನೂ ಅನ್ನಬೇಡ. ನನ್ನ ಮಗ ಬೀಗರ ಮನೇಲಿ ಕಂಠಪೂರ್ತಿ ತಿಂದು ದಾರೀಲಿ ಬಿದ್ದಿದ್ದ. ಆ ಕಾಲು ಬಿದ್ದ ಮೇಲೇ ಅವನು ಎದ್ದಿದ್ದು. ಘಾಟಿ ಹತ್ತಿಸಿದವಳು ಇವಳು, ನಾನು ಹಿಂದೆ ಕೂತು ಬಂದೆ. ಇಂಥ ಕಾಲು ನಮ್ಮ ಮನೇಲಿ ಇನ್ನೊಂದಿಲ್ಲ."

ರಾಕಿಯಾ ಬೆಗಿಮಾಯಿಯ ತಲೆಗೆ ಬಿಳಿ ವಸ್ತ್ರ ಹೊದಿಸುತ್ತ, ಕಿವಿಯ ಹತ್ತಿರ ಬಗ್ಗಿ, ಆದರೆ ಕುಲಿಪಾಳಿಗೂ ಕೇಳುವಷ್ಟು ಜೋರಾಗಿ ಕೇಳಿದಳು:

"ಟ್ರ್ಯಾಕ್ಟರ್ ಕ್ಲಚ್ ಬರತ್ತಾ? ನಮ್ಮದು ಹೋದ ವರ್ಷದಿಂದ ಜಾರ್ತಾ ಇದೆ. ಈ ಗಂಡಸರಿಗೆ ಹೇಳಿ ಹೇಳಿ ಸಾಕಾಗಿದೆ."

"ಬರತ್ತೆ ಅತ್ತೆ," ಅಂದಳು ಬೆಗಿಮಾಯಿ. "ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಾರಾ?"

"ಹೌದೇ ತಾಯಿ! ನಾನೂ ಅದನ್ನೇ ಹೇಳೋದು!"

ಮದುಮಗಳ ಮೇಲೆ ಎರಚಿದ ಮಿಠಾಯಿಗಳು ಆಲಿಕಲ್ಲಿನ ಹಾಗೆ ಸುರಿದವು. ಒಂದು ಕುಲಿಪಾಳ ಕಣ್ಣಿಗೇ ಬಡಿಯಿತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಅಂತ ಅವಳು ಇವತ್ತಿಗೂ ಹೇಳುತ್ತಾಳೆ. ಹೇಳಿಕೊಳ್ಳಲಿ.

ಸುಗ್ಗಿ ಮುಗಿದ ಮೇಲೆ ಕಾಸಿಮಾಲಿ ಟೆಕ್ಟಿರಿಗೆ ಬಂದು ಗೇಟಿನ ಪ್ಲೇಟಿಗೆ ಎರಡು ಬಾರಿಸಿದ. ಹೊಸ ಕ್ಲಚ್ ಹಾಕಿಸಿಕೊಂಡ. ಕಿಂಡಿಯ ಒಣಮೊಸರಿನ ಉಂಡೆಯನ್ನು ಮಾತ್ರ ಬದಲಿಸಲು ಬಿಡಲಿಲ್ಲ. ಹಳೆಯ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅಕ್-ಜಾರಿನ ತನ್ನ ಗೇಟಿಗೆ ನೇತುಹಾಕಿದ್ದಾನೆ. ಒಂದೇ ತಾಪತ್ರಯ. ಎಷ್ಟು ತೊಳೆದರೂ ಒಳಗಿನ ಕೊಬ್ಬು ಪೂರ್ತಿ ಬಿಟ್ಟಿಲ್ಲ. ಬಿಸಿಲೇರಿದರೆ ಊರಿನ ನಾಯಿಗಳೆಲ್ಲ ಬಂದು ಹಿಂಗಾಲ ಮೇಲೆ ನಿಂತು ಅದನ್ನು ನೆಕ್ಕುತ್ತವೆ. ಪ್ಲೇಟು ಠಣಠಣ ಬಡಿದುಕೊಳ್ಳುತ್ತಲೇ ಇರುತ್ತದೆ, ಕಾಸಿಮಾಲಿ ಪ್ರತಿ ಸಲವೂ ಸರ್ಕಾರದವರು ಬಂದರೆಂದು ಟೋಪಿ ಹುಡುಕುತ್ತಾನೆ.